ಮಸೂದೆ ಪಾಸಾದ್ಮೇಲೆ ಪೇಪರ್ ನೋಡಿ ಗೊತ್ತಾಗತ್ತೆ, ಅದಕ್ಕೆ ಮುಂಚೆ ನಮ್ಮಂಥವರು ಹೇಳೋದು ಎಲ್ಲಿ?

ತಿಪಟೂರಕ್ಕ:
ಎಲ್ರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಲ್ಲಿ ಫುಡ್ ಡೆಲಿವರಿ ಮಾಡ್ತಾನೆ, ನಾಲ್ಕು ವರ್ಷ ಆಯ್ತು. 2024ರ ಜುಲೈನಲ್ಲಿ ಒಂದಿನ ಬೆಳಗ್ಗೆ ಎದ್ದು ಆ್ಯಪ್ ತೆಗೆದ್ರೆ ಐಡಿ ಬ್ಲಾಕ್. ಯಾಕೆ ಅಂತ ಒಂದು ಸಾಲಿಲ್ಲ. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರೆ ಮೆಷಿನ್ ಮಾತಾಡತ್ತೆ, ಆಫೀಸಿಗೆ ಹೋದ್ರೆ ಸೆಕ್ಯುರಿಟಿ ಗೇಟಲ್ಲೇ ವಾಪಸ್ ಕಳಿಸಿದ. ಒಂಬತ್ತು ದಿನ ರೂಮಲ್ಲಿ ಕೂತಿದ್ದ, ಬೈಕ್ ಕಂತು ನಾನು ಕಟ್ಟಿದೆ. ಹತ್ತನೇ ದಿನ ತಾನಾಗೇ ಓಪನ್ ಆಯ್ತು, ಆಗ್ಲೂ ಕಾರಣ ಇಲ್ಲ.

2025ರ ಆಗಸ್ಟ್ ಅಧಿವೇಶನದಲ್ಲಿ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಡೆಲಿವರಿ, ಕ್ಯಾಬ್ ಥರದ ಕೆಲಸ ಮಾಡೋರ) ಮಸೂದೆ ಪಾಸಾಯ್ತಲ್ಲ, ಅದರ ಬಗ್ಗೆ ಓದ್ತಾ ಓದ್ತಾ ಒಂದು ವಿಷಯ ಗೊತ್ತಾಗಿ ಹೊಟ್ಟೆ ಉರಿದುಹೋಯ್ತು. 2024ರ ಜೂನ್ ಕೊನೆಗೆ ಕಾರ್ಮಿಕ ಇಲಾಖೆ ಅದರ ಕರಡು ಹಾಕಿ ಸಾರ್ವಜನಿಕರ ಸಲಹೆ ಕೇಳಿತ್ತಂತೆ. ಅಂದ್ರೆ ನನ್ನ ತಮ್ಮ ಐಡಿ ಬ್ಲಾಕ್ ಆಗಿ ಗೋಡೆ ನೋಡ್ತಾ ಕೂತಿದ್ದ ಅದೇ ಜುಲೈನಲ್ಲಿ ಸರ್ಕಾರ ‘ನಿಮಗೇನಾದ್ರೂ ಹೇಳೋದಿದ್ಯಾ’ ಅಂತ ಕೇಳ್ತಿತ್ತು! ನಮಗೆ ಗೊತ್ತೇ ಆಗ್ಲಿಲ್ಲ. ಅವನ ಜೊತೆ ರೂಮಲ್ಲಿರೋ ಐದು ಜನಕ್ಕೂ ಗೊತ್ತಿಲ್ಲ, ಎಲ್ರೂ ಡೆಲಿವರಿ ಹುಡುಗ್ರೇ.

ನನ್ನ ಪ್ರಶ್ನೆ ಇಷ್ಟೇ. ಇಂಥದ್ದು ಎಲ್ಲಿ ಹಾಕ್ತಾರೆ, ಯಾವಾಗ ನೋಡ್ಬೇಕು, ಬರೆದ್ರೆ ಯಾರಿಗೆ ಬರೀಬೇಕು? ಈಗ ಪಾಸಾಗೋಯ್ತು ಅಂದ್ಮೇಲೆ ಕಥೆ ಮುಗೀತಾ? ನಾನು ಹೈಸ್ಕೂಲ್ ಟೀಚರ್, ಓದೋಕೆ ಬರೆಯೋಕೆ ಕಷ್ಟ ಇಲ್ಲ, ದಾರಿ ಗೊತ್ತಿಲ್ಲ ಅಷ್ಟೇ.

ಬಯಲುಸೀಮೆ:
ಅಕ್ಕ ಬೇಜಾರ್ ಮಾಡ್ಕೋಬೇಡಿ, ಏನ್ ಬರೆದ್ರೂ ಯಾರೂ ಓದಲ್ಲ. ಮೊದ್ಲೇ ತೀರ್ಮಾನ ಆಗಿರತ್ತೆ.

ಟೂವೀಲರ್_ಸವಾರ:
ನಾನೂ ಡೆಲಿವರಿನೇ. ನನ್ನ ಐಡಿ ಎರಡು ಸಲ ಬ್ಲಾಕ್ ಆಗಿದೆ. ಕರಡು ಬಂದಿದ್ದು ಯೂನಿಯನ್‌ನವರ ವಾಟ್ಸಾಪಲ್ಲಿ ಬಂತು, ಪಿಡಿಎಫ್ ಓಪನ್ ಮಾಡಿ ನೋಡಿ ಕ್ಲೋಸ್ ಮಾಡ್ದೆ, ಆರ್ಡರ್ ಬಿದ್ದಿತ್ತು.

ನಿವೃತ್ತ_ಗುಮಾಸ್ತ:
ಮೇಡಂ, ನಾನು ಸರ್ಕಾರಿ ಕಚೇರಿಯಲ್ಲಿ ಫೈಲು ಹೊತ್ತು ಜೀವನ ಕಳೆದವನು, ಗೊತ್ತಿರೋದು ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮಸೂದೆ ಹುಟ್ಟೋದು ವಿಧಾನಸೌಧದ ಸಭಾಂಗಣದಲ್ಲಿ ಅಲ್ಲ, ಇಲಾಖೆಯಲ್ಲಿ. ಇಲಾಖೆ ಕರಡು ಮಾಡತ್ತೆ, ಅದು ಕಾನೂನು ಮತ್ತು ಶಾಸನ ರಚನೆಯವರ ಹತ್ರ ಹೋಗಿ ಭಾಷೆ ತಿದ್ದಿಸ್ಕೊಂಡು ಬರತ್ತೆ, ಸಂಪುಟ ಒಪ್ಪತ್ತೆ, ಆಮೇಲೆ ಸದನದಲ್ಲಿ ಮಂಡನೆ. ಮಂಡನೆ ದಿನ ಮಂತ್ರಿಗಳು ಹೆಸರು ಓದಿ ಕೂತ್ಕೊಂಡುಬಿಡ್ತಾರೆ. ಬೇರೆ ದಿನ ಪರ್ಯಾಲೋಚನೆ ಅಂದ್ರೆ ಚರ್ಚೆ, ಖಂಡ ಖಂಡವಾಗಿ (ಒಂದೊಂದು ಅಂಶವಾಗಿ) ಮತಕ್ಕೆ, ಧ್ವನಿಮತ, ಆಮೇಲೆ ವಿಧಾನ ಪರಿಷತ್ತು, ಆಮೇಲೆ ರಾಜ್ಯಪಾಲರ ಒಪ್ಪಿಗೆ, ಆಮೇಲೆ ರಾಜ್ಯಪತ್ರ, ಅಂದ್ರೆ ಸರ್ಕಾರದ ಗೆಜೆಟ್. ಕೇಳೋಕೆ ಬೇಕಾದಷ್ಟು ಮೆಟ್ಲು, ಆದ್ರೆ ಸದನದ ಒಳಗಿನ ಮೆಟ್ಲುಗಳನ್ನ ಒಂದೆರಡು ದಿನದಲ್ಲೇ ಹತ್ತಿಬಿಡ್ತಾರೆ. 2025ರ ಮಳೆಗಾಲದ ಅಧಿವೇಶನ ಆಗಸ್ಟ್ 11ಕ್ಕೆ ಶುರುವಾಗಿ ಎರಡು ವಾರ, ಅಷ್ಟರಲ್ಲಿ ಎಷ್ಟು ಮಸೂದೆ ಬಂತು ನೋಡಿ. ಪತ್ರಿಕೆಯಲ್ಲಿ ‘ಮಸೂದೆ ಮಂಡನೆ’ ಅಂತ ಓದಿ ನೀವು ಪತ್ರ ಬರೆದು ಪೋಸ್ಟ್ ಮಾಡೋ ಹೊತ್ತಿಗೆ ಅದು ಪರಿಷತ್ತಿಗೆ ಹೋಗಿರತ್ತೆ.

ಹಾಗಾಗಿ ನಮಗೆ ಸಿಗೋ ಬಾಗಿಲು ಮೂರೇ. ಇಲಾಖೆ ಕರಡು ಹಾಕಿದಾಗ ಒಂದು. ಸದನ ಅದನ್ನ ಜಂಟಿ ಪರಿಶೀಲನಾ ಸಮಿತಿಗೋ (ಎರಡೂ ಸದನದ ಸದಸ್ಯರಿರೋದು) ಸದನ ಸಮಿತಿಗೋ ಒಪ್ಪಿಸಿದ್ರೆ ಆಗ ಒಂದು. ಕಾನೂನು ಆದ್ಮೇಲೆ ನಿಯಮಗಳ ಕರಡು ರಾಜ್ಯಪತ್ರದಲ್ಲಿ ಬರತ್ತಲ್ಲ, ಅದು ಮೂರನೇದು, ಅದನ್ನ ಯಾರೂ ನೋಡಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ತಮ್ಮನ ವಿಷಯದಲ್ಲಿ ಕಥೆ ಮುಗಿದಿಲ್ಲ, ಮಸೂದೆ ಪಾಸಾದ್ಮೇಲೂ ನಿಯಮಗಳು ಬರಬೇಕಲ್ಲ.

ಎಂಟನೇ_ಮೇನ್:
ಸರ್ ಒಂದ್ ನಿಮಿಷ, ಈ ಗಿಗ್ ಕಾನೂನು ಮೇನಲ್ಲೇ ಬಂದಿತ್ತಲ್ವಾ? ಸುಗ್ರೀವಾಜ್ಞೆ ಅಂತ ಟಿವಿಲಿ ಬಂತು. ಮತ್ತೆ ಆಗಸ್ಟಲ್ಲಿ ಪಾಸ್ ಮಾಡಿದ್ದೇನು?

ನಿವೃತ್ತ_ಗುಮಾಸ್ತ:
ಹೌದು, 2025ರ ಮೇ ಕೊನೆಗೆ ಸುಗ್ರೀವಾಜ್ಞೆ. ಸದನ ನಡೀತಿಲ್ಲದಾಗ ಸಂವಿಧಾನದ 213ನೇ ವಿಧಿ ಪ್ರಕಾರ ರಾಜ್ಯಪಾಲರ ಸಹಿಯಿಂದ ತರೋದು ಅದು. ಸದನ ಮತ್ತೆ ಸೇರಿದ ಮೇಲೆ 6 ವಾರದೊಳಗೆ ಕಾನೂನು ಮಾಡ್ಕೊಳ್ಳಲಿಲ್ಲ ಅಂದ್ರೆ ಬಿದ್ದುಹೋಗತ್ತೆ. ಅದಕ್ಕೆ ಆಗಸ್ಟಲ್ಲಿ ಮಸೂದೆ ತಂದ್ರು.

ಎಂಟನೇ_ಮೇನ್:
ಸುಗ್ರೀವಾಜ್ಞೆನೇ ನನಗೆ ಸಿಟ್ಟು ಬರ್ಸೋದು. ಚರ್ಚೆನೇ ಇಲ್ದೆ ಕಾನೂನು.

ಚಾಮರಾಜಪುರ_ಹುಡುಗಿ:
ಎಲ್ಲಾ ಸಲನೂ ಸಹಿ ಬೀಳಲ್ಲ ಅಣ್ಣ. 60% ಕನ್ನಡ ನಾಮಫಲಕದ ಸುಗ್ರೀವಾಜ್ಞೆನ 2024ರ ಜನವರಿಯಲ್ಲಿ ರಾಜ್ಯಪಾಲರು ವಾಪಸ್ ಕಳಿಸಿದ್ರು, ಅಧಿವೇಶನ ಹತ್ರ ಇದೆ ಅಲ್ಲೇ ಪಾಸ್ ಮಾಡ್ಕೊಳ್ಳಿ ಅಂತ. ಫೆಬ್ರವರಿಯಲ್ಲಿ ಮಸೂದೆಯಾಗಿ ಬಂತು. ಮೈಕ್ರೋ ಫೈನಾನ್ಸ್ ಕಿರುಕುಳದ್ದೂ 2025ರಲ್ಲಿ ಮೊದಲು ವಾಪಸ್ ಹೋಗಿ ಆಮೇಲೆ ಸಹಿ ಬಿತ್ತು.

ಕಡಲತಡಿ:
ಬಯಲುಸೀಮೆಯವ್ರೇ, ಯಾರೂ ಕೇಳುದಿಲ್ಲ ಅಂತ ಹೇಳ್ಬೇಡಿ ಮಾರಾಯ್ರೆ. ಕಂಬಳ ನಿಂತಾಗ ನಮ್ಮೂರಲ್ಲಿ ಏನಾಯ್ತು ಗೊತ್ತುಂಟಾ? 2017ರ ಜನವರಿಯಲ್ಲಿ ಮಂಗ್ಳೂರಲ್ಲಿ ಮಾನವ ಸರಪಳಿ, ನಾನೂ ಅಪ್ಪನೂ ಹೋಗಿದ್ದೆವು, ಕೋಣ ಸಾಕುವ ಮನೆಯವರು, ಓಡಿಸುವವರು, ಕೆಲಸ ಬಿಟ್ಟು ಬಂದಿದ್ದರು. ಫೆಬ್ರವರಿಯಲ್ಲಿ ಮಸೂದೆ ಪಾಸ್. ಪ್ರಾಣಿ ಹಿಂಸೆ ತಡೆ ಕಾಯ್ದೆ ಕೇಂದ್ರದ್ದು, 1960ರದ್ದು, ಅದಕ್ಕೆ ನಮ್ಮ ರಾಜ್ಯ ತಿದ್ದುಪಡಿ ಮಾಡಿದ್ದರಿಂದ ರಾಷ್ಟ್ರಪತಿ ಒಪ್ಪಿಗೆ ಬೇಕಾಯ್ತು, ಅದಕ್ಕೆ ತಡ. ನಡುವೆ ಜುಲೈನಲ್ಲಿ ಸುಗ್ರೀವಾಜ್ಞೆ ಬಂದದ್ದರಿಂದ ಆ ವರ್ಷದ ಕಂಬಳ ಉಳೀತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿ ಹಿಡೀತು. ಜನ ಎದ್ದು ನಿಂತದ್ದಕ್ಕೇ ಆದದ್ದು ಅದು.

ಬಯಲುಸೀಮೆ:
ಅದು ಇಡೀ ಜಿಲ್ಲೆನೇ ಬೀದಿಗಿಳಿದಿದ್ದಕ್ಕೆ ಆಯ್ತು ಬ್ರದರ್. ಸ್ಥಳೀಯರಿಗೆ ಕೆಲಸದ ಮಸೂದೆ ಏನಾಯ್ತು? 2024ರ ಜುಲೈ, ಮ್ಯಾನೇಜ್‌ಮೆಂಟ್ ಹುದ್ದೆಲಿ 50%, ಉಳಿದಿದ್ರಲ್ಲಿ 70% ಅಂತ ಸಂಪುಟ ಒಪ್ಪಿತು, ದೊಡ್ಡ ಕಂಪನಿಯವರು ಎರಡು ಟ್ವೀಟ್ ಹಾಕಿದ್ರು, ಎರಡೇ ದಿನದಲ್ಲಿ ತಡೆಹಿಡಿದ್ರು. ಕೆಲಸ ಹುಡುಕ್ತಾ ಅಲೆಯೋ ನಮ್ಮೂರ ಡಿಪ್ಲೊಮಾ ಹುಡುಗನ್ನ ಯಾರು ಕೇಳಿದ್ರು? ದುಡ್ಡಿರೋರ ಮಾತು ಫೋನಲ್ಲೇ ಮುಗಿಯತ್ತೆ, ನಾವು ಪೋಸ್ಟ್ ಹಾಕಿ ಕಾಯ್ಬೇಕು. ಸುಳ್ಳಾ?

ಚಾಮರಾಜಪುರ_ಹುಡುಗಿ:
ಸುಳ್ಳಲ್ಲ. ಆದ್ರೆ ಅವ್ರು ಮಸೂದೆ ಓದಿ ಮಾತಾಡಿದ್ರು ಅನ್ನೋದೂ ನಿಜ. ಪರವಾಗಿ ಇದ್ದೋರಲ್ಲಿ ಎಷ್ಟು ಜನ ‘ಸ್ಥಳೀಯ’ ಅಂದ್ರೆ ಯಾರು ಅಂತ ಅದ್ರಲ್ಲಿ ಏನು ಬರ್ದಿದೆ ಅಂತ ನೋಡಿದ್ರು?

ಬಯಲುಸೀಮೆ:
ಓದಿದ್ದಕ್ಕೆ ಗೆದ್ರು ಅಂತೀರಾ? ದುಡ್ಡಿಗೆ ಗೆದ್ರು.

ಕಡಲತಡಿ:
ಎರಡೂ ಹೌದು, ಜಗಳ ಬೇಡ.

ಹುಬ್ಬಳ್ಳಿ_ಮಂದಿ:
ನಾ ಬೆಳಗಾವಿ ಸುವರ್ಣಸೌಧದಾಗ ಕಲಾಪ ನೋಡೇನ್ರಿ. ಡಿಸೆಂಬರ್ ಅಧಿವೇಶನ, ನಮ್ಮ ಕ್ಷೇತ್ರದ ಶಾಸಕರ ಕಡೆಯಿಂದ ಗ್ಯಾಲರಿ ಪಾಸ್ ತಗೊಂಡ್ ಹೋಗಿದ್ದೆ. ಮೊಬೈಲ್ ಹೊರಗ ಇಸ್ಕೊಂಡ್ರು. ಮ್ಯಾಲ ಕುಂತು ನೋಡಿದ್ರ ಮೊದಲ ಪ್ರಶ್ನೋತ್ತರ, ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿಗಳು ಸದನದಾಗ ಎದ್ದು ಉತ್ತರ ಕೊಡೂವು) ಅಂತಾರಲ್ಲ ಅವು, ಆವಾಗ ಮಂದಿ ಇದ್ರು. ಮಧ್ಯಾಹ್ನ ಊಟಾದ ಮ್ಯಾಲ ಮಸೂದೆ ತಗೊಂಡ್ರು, ಆವಾಗ ಅರ್ಧ ಕುರ್ಚಿ ಖಾಲಿ. ಸಭಾಧ್ಯಕ್ಷರು ಖಂಡ 2 ರಿಂದ ಇಷ್ಟರ ತನಕ ಅಂತ ಒಂದ ಉಸಿರಿನ್ಯಾಗ ಓದಿ ಮತಕ್ಕ ಹಾಕಿದ್ರು, ಕೆಳಗಿಂದ ನಾಕೈದು ದನಿ ‘ಹೌದು’ ಅಂದ್ವು, ಮುಗೀತು. ನಾ ಪಕ್ಕದಾವ್ರಿಗೆ ಕೇಳ್ದೆ, ಯಾವ ಮಸೂದೆರೀ ಇದು ಅಂತ. ಅವರಿಗೂ ಗೊತ್ತಿಲ್ಲ. ಅವತ್ತ ನನಗ ಎದಿ ಝಲ್ ಅಂತು. ನಮ್ಮ ಬಾಳೇವು ಬದಲ್ ಮಾಡೋ ಕಾಯ್ದೆ ನಾ ನೀರು ಕುಡ್ಯೂದ್ರಾಗ ಪಾಸ್ ಆತು.

ಆದರ ಒಂದ್ ಹೇಳ್ತೀನ್ರಿ, ಹೊರಗ ಪ್ರತಿಭಟನಾ ಟೆಂಟಿನ್ಯಾಗ ಕಬ್ಬಿನ ರೈತರು, ಅಂಗನವಾಡಿ ಅಕ್ಕಂದಿರು ಥಂಡ್ಯಾಗ ಮಲಗಿದ್ರು. ಮಂತ್ರಿಗಳು ಬಂದು ಮನವಿ ತಗೊಂಡ್ ಹೋದ್ರು. ಅಧಿವೇಶನ ನಡಿಯೂ ಹೊತ್ತಿಗೆ ಹೋದ್ರ ಕೇಳೋರ ಇರ್ತಾರು.

ಟೂವೀಲರ್_ಸವಾರ:
ಕಲಾಪ ಯೂಟ್ಯೂಬಲ್ಲೇ ಲೈವ್ ಬರತ್ತೆ ಈಗ, ಪಾಸ್ ಬೇಕಿಲ್ಲ.

ತಿಪಟೂರಕ್ಕ:
ಹುಬ್ಬಳ್ಳಿಯವ್ರೇ ನಿಮ್ಮ ಮಾತು ಓದಿ ಮನಸ್ಸು ಭಾರ ಆಯ್ತು. ಗುಮಾಸ್ತರೇ, ವಿಧಾನಸಭೆ ಸಚಿವಾಲಯದ ವೆಬ್‌ಸೈಟಲ್ಲಿ ಮಸೂದೆಯ ಕನ್ನಡ ಪ್ರತಿ ಸಿಕ್ತು, ಕೂತು ಓದ್ತಿದೀನಿ. ಕನ್ನಡ ಟೀಚರಾದ ನನಗೇ ಒಂದು ವಾಕ್ಯ ಮೂರು ಸಲ ಓದಬೇಕಾಗಿದೆ. ‘ಪರಂತು’ ಅಂತ ಎಲ್ಲಾ ಕಡೆ ಇದೆಯಲ್ಲ ಅದೇನು?

ನಿವೃತ್ತ_ಗುಮಾಸ್ತ:
ಮೇಡಂ ಸರಿಯಾದ ಪ್ರಶ್ನೆ ಕೇಳಿದ್ರಿ. ಮೇಲೆ ಒಂದು ಹಕ್ಕು ಕೊಟ್ಟು ಅದರ ಕೆಳಗೆ ‘ಪರಂತು’ ಅಂತ ಶುರು ಮಾಡಿ ಇಂಥ ಸಂದರ್ಭದಲ್ಲಿ ಅದು ಅನ್ವಯಿಸಲ್ಲ ಅಂತ ಹೇಳ್ತಾರೆ. ಪರಂತು ಕಂಡಲ್ಲಿ ನಿಂತು ಎರಡು ಸಲ ಓದಿ. ಎರಡನೇದು, ‘ನಿಯಮಿಸಬಹುದಾದಂಥ’ ಅಂತ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಪೆನ್ಸಿಲಲ್ಲಿ ಗೀಟು ಹಾಕ್ಕೊಳ್ಳಿ. ಅದರರ್ಥ ಈಗ ಬರೆದಿಲ್ಲ, ಆಮೇಲೆ ನಿಯಮದಲ್ಲಿ ಬರೀತೀವಿ ಅಂತ. ಶುರುವಿನಿಂದ ಓದಬೇಡಿ, ಮೊದಲು ಕೊನೆಗೆ ಹೋಗಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಓದಿ, ಅದು ಒಂದೆರಡು ಪುಟ ಇರತ್ತೆ, ಯಾಕೆ ಈ ಕಾನೂನು ಅಂತ ಅಲ್ಲೇ ಗೊತ್ತಾಗತ್ತೆ. ಆಮೇಲೆ ಪರಿಭಾಷೆ, ಅಂದ್ರೆ ಯಾರು ಯಾರು ಈ ಕಾನೂನಿನ ಒಳಗೆ ಬರ್ತಾರೆ ಅನ್ನೋ ಭಾಗ.

ದೂರದೂರು:
ನಾನು ಅಮೆರಿಕದಲ್ಲಿರೋದು, ಊರು ಹಾಸನ. ಇಲ್ಲಿ ರಾಜ್ಯದ ಶಾಸನಸಭೆ ಸಮಿತಿಗಳು ಮಸೂದೆ ಮೇಲೆ ವಿಚಾರಣೆ ಇಡ್ತಾರೆ, ಮೊದಲೇ ಹೆಸರು ಕೊಟ್ರೆ ಯಾರು ಬೇಕಾದ್ರೂ ಎರಡು ಮೂರು ನಿಮಿಷ ಮಾತಾಡ್ಬಹುದು. ನಮ್ಮ ಪಕ್ಕದ ಮನೆ ಅಜ್ಜಿ ಶಾಲೆ ಬಸ್ ವಿಷಯಕ್ಕೆ ಹೋಗಿ ಮಾತಾಡಿ ಬಂದ್ರು. ನಮ್ಮಲ್ಲಿ ಯಾಕೆ ಹೀಗಿಲ್ಲ ಅಂತ ತುಂಬ ಸಲ ಅನ್ಸಿದೆ.

ಎಂಟನೇ_ಮೇನ್:
ನಮ್ಮಲ್ಲೂ ಇದೆ, ಕಮ್ಮಿ. ಬೆಂಗಳೂರಿನ ಆಡಳಿತ ಬದಲಿಸೋ ಗ್ರೇಟರ್ ಬೆಂಗಳೂರು ಮಸೂದೆ 2024ರ ಜುಲೈನಲ್ಲಿ ಮಂಡನೆ ಆಗಿ, ವಿರೋಧ ಬಂದಿದ್ದಕ್ಕೆ ಜಂಟಿ ಪರಿಶೀಲನಾ ಸಮಿತಿಗೆ ಹೋಯ್ತು, ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷರು. ಅವ್ರು ಜನರ ಸಭೆ ಕರೆದ್ರು, ನಮ್ಮ ಬಡಾವಣೆಯಿಂದ ನಾಲ್ಕು ಜನ ಹೋಗಿದ್ವಿ. ವಾರ್ಡ್ ಸಮಿತಿಗೆ ಬಲ ಕೊಡಿ ಅಂತ ಬರೆದು ಕೊಟ್ವಿ. 2025ರ ಮಾರ್ಚಲ್ಲಿ ಪಾಸಾಯ್ತು, ರಾಜ್ಯಪಾಲರು ಒಂದ್ಸಲ ವಾಪಸ್ ಕಳಿಸಿ ಏಪ್ರಿಲಲ್ಲಿ ಒಪ್ಪಿದ್ರು, ಮೇ 15ಕ್ಕೆ ಜಾರಿ. ನಾವು ಕೇಳಿದ್ದೆಲ್ಲ ಸಿಗಲಿಲ್ಲ. ಅವತ್ತು ಎದುರು ಕೂತು ಹೇಳಿದ್ದಕ್ಕೆ ಸಮಾಧಾನ ಇದೆ.

ಚಾಮರಾಜಪುರ_ಹುಡುಗಿ:
ಸಮಿತಿ ಮಾತು ಬಂದಿದ್ದಕ್ಕೆ ಹೇಳ್ತೀನಿ, ಚಿನ್ನಸ್ವಾಮಿ ಕಾಲ್ತುಳಿತದಲ್ಲಿ 11 ಜನ ಹೋದ್ರಲ್ಲ, ಅದಾದ್ಮೇಲೆ ತಂದ ಜನಸಂದಣಿ ನಿಯಂತ್ರಣ ಮಸೂದೆ 2025ರ ಆಗಸ್ಟಲ್ಲಿ ಪಾಸಾಗದೆ ಸದನ ಸಮಿತಿಗೆ ಹೋಯ್ತು. ಜಾತ್ರೆ, ರಥೋತ್ಸವಕ್ಕೂ ತಟ್ಟತ್ತಾ ಅನ್ನೋ ಪ್ರಶ್ನೆ ಎದ್ದಿತ್ತು. ಇಲ್ಲಿ ಯಾರಾದ್ರೂ ಜಾತ್ರೆ ಕಮಿಟಿಯಲ್ಲಿದ್ರೆ, ಮಸೂದೆ ಸಮಿತಿಯಲ್ಲಿರೋವರೆಗೂ ಬಾಗಿಲು ತೆರೆದಿರತ್ತೆ, ವಿಧಾನಸಭೆ ಸಚಿವಾಲಯಕ್ಕೆ ಸಮಿತಿ ಹೆಸರಿಗೆ ಬರೀರಿ. ಪಾಸಾದ್ಮೇಲೆ ರಸ್ತೆ ತಡೆ ಮಾಡೋದಕ್ಕಿಂತ ಇದು ವಾಸಿ.

ಹುಬ್ಬಳ್ಳಿ_ಮಂದಿ:
ಹೌದ್ರಿ, ಇದು ನಮ್ಮೂರ ಜಾತ್ರಿ ಕಮಿಟಿಗೆ ಹೇಳ್ತೀನಿ.

ಬಯಲುಸೀಮೆ:
ಪರಿಷತ್ತು ಯಾಕಿದೆ ಹಾಗಾದ್ರೆ? ಅಲ್ಲೂ ಬರೀ ಹೌದು ಹೌದು ಅನ್ನೋದಾದ್ರೆ 75 ಜನಕ್ಕೆ ಸಂಬಳ ಯಾಕೆ?

ಚಾಮರಾಜಪುರ_ಹುಡುಗಿ:
2024ರ ಫೆಬ್ರವರಿಯಲ್ಲಿ ದೇವಸ್ಥಾನಗಳ ಆದಾಯದ ಮಸೂದೆ ಅಲ್ಲೇ ಬಿದ್ದುಹೋಯ್ತು ಅಣ್ಣ, ಧ್ವನಿಮತದಲ್ಲಿ. ಸರ್ಕಾರಕ್ಕೆ ಅಲ್ಲಿ ಬಹುಮತ ಇರ್ಲಿಲ್ಲ. ವಿಧಾನಸಭೆ ಮತ್ತೆ ಪಾಸ್ ಮಾಡ್ಬೇಕಾಯ್ತು.

ನಿವೃತ್ತ_ಗುಮಾಸ್ತ:
ಪರಿಷತ್ತು ಮಸೂದೆಯನ್ನ ಪೂರ್ತಿ ಸಾಯಿಸೋಕೆ ಆಗಲ್ಲ, ಮೊದಲ ಸಲ 3 ತಿಂಗಳು, ಎರಡನೇ ಸಲ 1 ತಿಂಗಳು ತಡ ಮಾಡಬಹುದು. ಧನ ಮಸೂದೆ (ತೆರಿಗೆ, ಸರ್ಕಾರದ ಖರ್ಚಿನದ್ದು) ಆದ್ರೆ 14 ದಿನ. ಟೀಚರ್ ಮೇಡಂಗೆ ಇನ್ನೊಂದು ವಿಷಯ, ಪರಿಷತ್ತಲ್ಲಿ ಶಿಕ್ಷಕರ ಕ್ಷೇತ್ರ 7, ಪದವೀಧರರ ಕ್ಷೇತ್ರ 7 ಇವೆ. ನಿಮಗೆ ಎರಡರಲ್ಲೂ ಮತ ಹಾಕೋ ಅರ್ಹತೆ ಇರಬಹುದು. ತುಮಕೂರು ಜಿಲ್ಲೆ ಆಗ್ನೇಯಕ್ಕೆ ಬರತ್ತೆ. ಪದವೀಧರರಿಗೆ ಫಾರಂ 18, ಶಿಕ್ಷಕರಿಗೆ 19. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಮಾಡ್ತಾರೆ, ಹಳೇ ಪಟ್ಟಿಲಿ ಹೆಸರಿತ್ತು ಅಂತ ಸುಮ್ಮನೆ ಕೂರಬೇಡಿ. ನಿಮ್ಮ ಪರಿಷತ್ ಸದಸ್ಯರಿಗೆ ಬರೆದ ಪತ್ರಕ್ಕೆ ಬೇರೆ ತೂಕ ಇರತ್ತೆ, ಅವರ ಮತದಾರರ ಸಂಖ್ಯೆನೇ ಕಮ್ಮಿ.

ತಿಪಟೂರಕ್ಕ:
ಶಿಕ್ಷಕರ ಕ್ಷೇತ್ರಕ್ಕೆ ಹಾಕಿದೀನಿ ಸರ್, ಪದವೀಧರದ್ದು ಹಾಕ್ಬಹುದು ಅಂತ ಗೊತ್ತಿರ್ಲಿಲ್ಲ!

ಎಂಟನೇ_ಮೇನ್:
ನಾವು ಕಳಿಸಿದ ಸಲಹೆ ಏನಾಯ್ತು ಅಂತ ತಿಳ್ಕೊಳ್ಳೋದು ಹೇಗೆ? ಸ್ವೀಕೃತಿನೂ ಕೊಡಲ್ಲ.

ಚಾಮರಾಜಪುರ_ಹುಡುಗಿ:
ಆರ್‌ಟಿಐ ಹಾಕಿ. 10 ರೂಪಾಯಿ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಯಾಕೆ ನಮ್ಮ ಸಲಹೆ ತಗೊಳ್ಳಲಿಲ್ಲ’ ಅಂತ ಕೇಳಿದ್ರೆ ಮಾಹಿತಿ ಅಲ್ಲ ಅಂತ ತಳ್ಳಿಹಾಕ್ತಾರೆ. ‘ಕರಡಿನ ಮೇಲೆ ಬಂದ ಸಲಹೆಗಳ ಪಟ್ಟಿ, ಅದರ ಮೇಲಿನ ಕಡತದ ಟಿಪ್ಪಣಿಗಳ ಪ್ರತಿ ಕೊಡಿ’ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡ್ಬೇಕು. ನಾನು ಬೇರೊಂದು ವಿಷಯಕ್ಕೆ ಹೀಗೆ ತೆಗೆಸಿದ್ದೆ, ನನ್ನ ಇಮೇಲ್ ಪ್ರಿಂಟ್ ತೆಗೆದು ಕಡತದಲ್ಲಿ ಹಾಕಿದ್ರು, ಅದರ ಪಕ್ಕ ಹಸಿರು ಇಂಕಲ್ಲಿ ‘ಪರಿಶೀಲಿಸಿ’ ಅಂತ ಬರೆದಿತ್ತು. ಯಾರೂ ಓದಲ್ಲ ಅನ್ನೋರಿಗೆ ಅದನ್ನೇ ತೋರಿಸ್ತೀನಿ ನಾನು.

ಬಯಲುಸೀಮೆ:
ಪರಿಶೀಲಿಸಿ ಏನ್ ಮಾಡಿದ್ರು?

ಚಾಮರಾಜಪುರ_ಹುಡುಗಿ:
ಒಂದು ಪದ ಬದಲಾಯ್ತು. ‘ಮಾಡಬಹುದು’ ಅಂತಿದ್ದದ್ದು ‘ಮಾಡತಕ್ಕದ್ದು’ ಆಯ್ತು. ನನ್ನೊಬ್ಬಳ ಪತ್ರದಿಂದ ಅಂತ ಹೇಳಲ್ಲ, ಅದನ್ನೇ ಕೇಳಿ ಬರೆದೋರು ಇನ್ನೂ ಇದ್ರು.

ಬಯಲುಸೀಮೆ:
‘ತಕ್ಕದ್ದು’ ಆದ್ರೆ ದೊಡ್ಡದೇ ಬಿಡಿ. ಒಪ್ಕೋತೀನಿ.

ತಿಪಟೂರಕ್ಕ:
ಭಾನುವಾರ ತಮ್ಮ ಊರಿಗೆ ಬಂದಿದ್ದ. ಅಡುಗೆಮನೆ ಕಟ್ಟೆ ಮೇಲೆ ಕೂತು ಇಬ್ರೂ ಮಸೂದೆ ಓದಿದ್ವಿ, ನಾನು ಓದೋದು ಅವನು ಅರ್ಥ ಹೇಳೋದು, ಯಾಕಂದ್ರೆ ಕೆಲಸ ಗೊತ್ತಿರೋದು ಅವನಿಗೆ. ಪ್ರತಿ ಆರ್ಡರಿಗೆ ಕೆಲಸಗಾರನಿಗೆ ಕೊಡೋ ಹಣದ ಮೇಲೆ ಕಂಪನಿ 1 ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಬೇಕು ಅಂತ ಓದಿದಾಗ ಅವನು ‘ಅದನ್ನ ನಮ್ಮ ರೇಟಲ್ಲೇ ಕಮ್ಮಿ ಮಾಡಿ ಕಟ್ಟಿದ್ರೆ?’ ಅಂದ. ನನಗೆ ಹೊಳೆದೇ ಇರ್ಲಿಲ್ಲ. ತೆಗೆದುಹಾಕೋಕೆ 14 ದಿನ ಮುಂಚೆ ನೋಟಿಸು, ಕಾರಣ ಬರವಣಿಗೆಯಲ್ಲಿ ಅಂತ ಬಂದಾಗ ಇನ್ನೊಂದ್ಸಲ ಓದು ಅಂದ. ಆಮೇಲೆ ಸುಮ್ನೆ ಕೂತ. ‘ಅಕ್ಕ ನನ್ನ ತೆಗೆದಿರ್ಲಿಲ್ಲ, ಒಂಬತ್ತು ದಿನ ಬ್ಲಾಕ್ ಮಾಡಿದ್ರು ಅಷ್ಟೆ’ ಅಂದ.

ಅದನ್ನೇ ಬರೀತಿದೀವಿ. ನಿಯಮಗಳ ಕರಡು ಬರೋವರೆಗೂ ಕಾಯೋದು ಬೇಡ ಅಂತ ಕಾರ್ಮಿಕ ಇಲಾಖೆಗೆ ಈಗ್ಲೇ ಒಂದು, ಕರಡು ಬಂದ್ಮೇಲೆ ಮತ್ತೆ ಒಂದು. ಹೀಗಿದೆ:

‘ತಾತ್ಕಾಲಿಕವಾಗಿ ಐಡಿ ಬ್ಲಾಕ್ ಮಾಡಿದಾಗಲೂ 24 ಗಂಟೆಯೊಳಗೆ ಕಾರಣವನ್ನು ಕನ್ನಡದಲ್ಲಿ ಬರೆದು ತಿಳಿಸತಕ್ಕದ್ದು ಎಂದು ನಿಯಮಗಳಲ್ಲಿ ಸೇರಿಸಬೇಕು. ಕಾರಣ ಸುಳ್ಳೆಂದು ಗೊತ್ತಾದರೆ ಆ ದಿನಗಳ ಸರಾಸರಿ ದುಡಿಮೆಯನ್ನು ಕೊಡಿಸಬೇಕು. ಕಲ್ಯಾಣ ಶುಲ್ಕವನ್ನು ಕೆಲಸಗಾರನ ಹಣದಿಂದ ಕಡಿತ ಮಾಡಬಾರದು ಎಂದು ಸ್ಪಷ್ಟಪಡಿಸಬೇಕು.’

ಕೆಳಗೆ ಅವನ ಸಹಿ, ರೂಮಿನ ಐದು ಜನರ ಸಹಿ. ತಪ್ಪಿದ್ರೆ ತಿದ್ದಿ.

ನಿವೃತ್ತ_ಗುಮಾಸ್ತ:
ಚೆನ್ನಾಗಿದೆ ಮೇಡಂ. ಮೇಲೆ ‘ವಿಷಯ’ ಅಂತ ಒಂದು ಸಾಲು ಹಾಕಿ, ಪ್ರತಿ ಬೇಡಿಕೆ ಪಕ್ಕ ಮಸೂದೆಯ ಖಂಡದ ಸಂಖ್ಯೆ ಬರೀರಿ, ಸಂಖ್ಯೆ ಇಲ್ಲದ ಪತ್ರ ಯಾವ ಟೇಬಲ್ಲಿಗೆ ಹೋಗಬೇಕು ಅಂತ ತಿಳಿಯದೆ ಅಲ್ಲೇ ಉಳಿಯತ್ತೆ. ನಿಯಮಗಳ ಕರಡು ಬಂದಾಗ ರಾಜ್ಯಪತ್ರದಲ್ಲಿ ಆಕ್ಷೇಪಣೆಗೆ ಕೊನೇ ದಿನ ಹಾಕಿರ್ತಾರೆ, ವಾರಕ್ಕೊಂದ್ಸಲ ಇ-ರಾಜ್ಯಪತ್ರ ತೆಗೆದು ಕಾರ್ಮಿಕ ಇಲಾಖೆ ಅಂತ ಹುಡುಕಿ. ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ.

ಹುಬ್ಬಳ್ಳಿ_ಮಂದಿ:
ಹುಬ್ಬಳ್ಳ್ಯಾಗೂ ಡೆಲಿವರಿ ಹುಡುಗ್ರ ಅದಾರ್ರಿ ಅಕ್ಕಾರ. ಇದನ್ನ ಪ್ರಿಂಟ್ ತಗದು ಅವರ ಕಡೆ ಸಹಿ ಮಾಡಸ್ತೀನಿ.

ಟೂವೀಲರ್_ಸವಾರ:
ಅಕ್ಕ, ಒಂದು ಸೇರಿಸಿ. ಬ್ಲಾಕ್ ಆದಾಗ ಹಿಂದಿನ ವಾರದ ದುಡ್ಡೂ ಆ್ಯಪಲ್ಲಿ ಸಿಕ್ಕಾಕೊಳ್ಳತ್ತೆ, ತೆಗೆಯೋಕೆ ಬರಲ್ಲ. ಅದನ್ನ ತಡೆಹಿಡಿಯಬಾರದು ಅಂತ ಬರೀರಿ. ನಮ್ಮ ಹಬ್ ಹತ್ರ ಮಧ್ಯಾಹ್ನ ಮೂರು ಗಂಟೆಗೆ ಇಪ್ಪತ್ತು ಜನ ಆರ್ಡರ್ ಇಲ್ದೆ ಕೂತಿರ್ತೀವಿ, ನಾಳೆ ಎಲ್ಲರ ಸಹಿ ಮಾಡ್ಸಿ ಕಳಿಸ್ತೀನಿ.

ತಿಪಟೂರಕ್ಕ:
ಸೇರಿಸಿದೆ ತಮ್ಮ. ನಾಲ್ಕನೇ ಸಾಲು.